ಅಜ್ಜಿಯ ಕಂಬಳಿ, ನನ್ನ ಬದನೆಕಾಯಿ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸದ ಮೇಲೆ ನಾನು ಆಗಾಗ ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಹೋಗುತ್ತಿದ್ದೆ. ಹೋದಾಗಲೆಲ್ಲ ಮೈಮೇಲೆ ಪಿತ್ತದ ಗಂಧೆ ಏಳುತ್ತಿತ್ತು. ಬದನೆಕಾಯಿಯೇ ಕಾರಣವೆಂದು ಮನೆಯಲ್ಲಿ ತೀರ್ಮಾನವಾಗಿ, ನನಗೆ ಅದನ್ನು ಬಡಿಸುವುದೇ ನಿಂತುಹೋಗಿತ್ತು. ಗಂಧೆ ಮಾತ್ರ ನಿಂತಿರಲಿಲ್ಲ. ಒಂದು ಕಾರಣ ಸಿಕ್ಕಿದ ಮೇಲೆ ನಾನೂ ಇನ್ನೊಂದನ್ನು ಹುಡುಕಿರಲಿಲ್ಲ.

ಒಂದು ಚಳಿಗಾಲದಲ್ಲಿ ಕಿಟಕಿ ಪಕ್ಕ ಕೂತಿದ್ದಾಗ ಕೈ, ಕೆನ್ನೆಯೆಲ್ಲ ಕೆಂಪಗೆ ಊದಿಕೊಂಡಿತು. ಪಕ್ಕದವರು, "ಅಮ್ಮ ಎದ್ದ ಹಾಗಿದೆ" ಎಂದು ಮಕ್ಕಳನ್ನು ಎಳೆದುಕೊಂಡು ದೂರ ಸರಿದರು. ಸ್ಟೇಷನ್ನಿನಲ್ಲಿ ಯಾರಾದರೂ ಸಿಡುಬು ಎಂದರೆ ನನ್ನನ್ನು ಊರಾಚೆಯ ಶೆಡ್ಡಿಗೆ ಹಾಕುತ್ತಾರೆಂದು ಹೆದರಿದೆ.

ಎದುರಿಗಿದ್ದ ಕುಂಸಿಯ ಅಜ್ಜಿಯೊಬ್ಬರು ಮಾತ್ರ ಏಳಲಿಲ್ಲ.

"ಅಮ್ಮ ಅಲ್ಲ ಮಾರಾಯ, ಪಿತ್ತ. ಕಂಬಳೀಲಿ ಉಜ್ಜಿದ್ರೆ ಇಳೀತದೆ."

ತಮ್ಮ ಕರಿ ಕಂಬಳಿಯಿಂದ ನನ್ನ ಕೈ ಉಜ್ಜಿ, ಅದನ್ನೇ ತಲೆತುಂಬ ಹೊದಿಸಿದರು.

"ನಿನ್ನೆ ಏನು ತಿಂದೆ?"

"ಬದನೆಕಾಯಿ ಬಿಟ್ಟು ಎಲ್ಲ ತಿಂದೆ."

"ಹಂಗಾದ್ರೆ ಕಡ್ಲೇಕಾಯಿ ಇರಬೇಕು. ಅದನ್ನೂ ಬಿಡು."

ಶಿವಮೊಗ್ಗ ಹತ್ತಿರವಾಗುವಷ್ಟರಲ್ಲಿ ಗಂಧೆ ಇಳಿದಿತ್ತು. ಕಂಬಳಿಯನ್ನು ಅಜ್ಜಿಗೆ ಕೊಟ್ಟು, ಇಳಿಯಲೆಂದು ಬಾಗಿಲಲ್ಲಿ ನಿಂತೆ. ಗಾಳಿ ಬಡಿದ ಕೆನ್ನೆಯ ಮೇಲೂ ಕಂಬಿ ಹಿಡಿದ ಕೈಯ ಮೇಲೂ ಗಂಧೆ ಮತ್ತೆ ಎದ್ದಿತು. ಕೋಟಿನ ಮರೆಯಲ್ಲಿದ್ದ ಇನ್ನೊಂದು ಕೈಯಲ್ಲಿ ಏನೂ ಏಳಲಿಲ್ಲ. ಇಷ್ಟು ದಿನ ನನ್ನನ್ನು ಕಾಡಿದ್ದು ರೈಲಿನ ಚಳಿಗಾಳಿ.

ಮನೆಗೆ ಬಂದು ಹೆಂಡತಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಒಪ್ಪಿ, ಒಂದು ಮಫ್ಲರ್ ತರಿಸಿದಳು. ಗಂಧೆ ಹೋಯಿತು. ಆದರೆ ಬದನೆಕಾಯಿ ತಿರುಗಿ ಬರಲಿಲ್ಲ, ಅಂದಿನಿಂದ ಕಡಲೆಕಾಯಿಯೂ ನಿಂತಿತು. ಅಜ್ಜಿ ಹೇಳಿದ್ದರಲ್ಲಿ ಅಷ್ಟನ್ನಾದರೂ ನಾನು ಬಾಯಿಬಿಡಬಾರದಿತ್ತು.