ಅಣ್ಣನ ಕೈಯಿಂದ ಶುರುವಾದ ಕ್ಯಾಮೆರಾ

ಟೈಲರಕ್ಕ ಮಾತಾಡುವಾಗ ಬಾಯಲ್ಲಿ ಮೂರಾದರೂ ಗುಂಡುಪಿನ್ನು ಇದ್ದೇ ಇರುತ್ತಿದ್ದವು. ಹಾಗಂತ ಮಾತು ನಿಲ್ಲುತ್ತಿರಲಿಲ್ಲ, ಪಿನ್ನೂ ಬೀಳುತ್ತಿರಲಿಲ್ಲ. ಬೀದಿಯ ಹೆಂಗಸರ ಅಳತೆಯೆಲ್ಲ ಅವಳ ತಲೆಯಲ್ಲಿತ್ತು. ಯಾರಾದರೂ ಒಂದಿಂಚು ದಪ್ಪಗಾದರೆ ಅವರ ಗಂಡನಿಗಿಂತ ಮೊದಲು ಇವಳಿಗೆ ಗೊತ್ತಾಗುತ್ತಿತ್ತು. ಆದರೆ ಅದನ್ನು ಹೇಳಿ ಯಾರ ಮುಖವನ್ನೂ ಬಾಡಿಸುವ ಪೈಕಿಯಲ್ಲ ಅವಳು. "ಬಟ್ಟೆ ಸ್ವಲ್ಪ ಕುಗ್ಗಿದೆ ಕಣ್ರೀ" ಎಂದು ಪಾಪ, ಬಟ್ಟೆಯ ಮೇಲೆ ತಪ್ಪು ಹೊರಿಸಿ ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಡುತ್ತಿದ್ದಳು.

ಗಂಡ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಮಗಳು ಹೈಸ್ಕೂಲಿನಲ್ಲಿ, ಇವಳು ಮನೆಯ ಮುಂದಿನ ಕೋಣೆಯಲ್ಲಿ. ಒಂದು ಮಷೀನು, ಒಂದು ಇಸ್ತ್ರಿ ಮೇಜು, ಅಳತೆ ತೆಗೆಯಲು ಮೂಲೆಯಲ್ಲಿ ಒಂದು ಪರದೆ. ಹದಿನೆಂಟು ವರ್ಷ ಹೀಗೇ ಕಳೆದಿತ್ತು. ಅವಳಿಗಿದ್ದ ಆಸೆ ಒಂದೇ: ರಸ್ತೆಗೆ ತೆರೆದ ಒಂದು ಸ್ವಂತ ಅಂಗಡಿ, ಮೇಲೊಂದು ಬೋರ್ಡು.

ಒಂದು ಮಧ್ಯಾಹ್ನ ಒಲೆ ಮೇಲೆ ಹಾಲು ಉಕ್ಕಿತೆಂದು ಒಳಗೆ ಓಡಿ ಹೋಗಿ ಬರುವಷ್ಟರಲ್ಲಿ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದ ನಾಲ್ಕು ಹೊಲಿದ ಉಡುಪು ಮಾಯ. ಅವು ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಡಮ್ಮಿನವು. ಆಕೆ ಕೂಗಾಡಲಿಲ್ಲ, "ಪರವಾಗಿಲ್ಲ ಬಿಡಿ" ಎಂದು ಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಟೈಲರಕ್ಕ ವಾರವಿಡೀ ಕೊರಗಿದಳು.

"ಕ್ಯಾಮೆರಾ ಹಾಕಿಸೋಣ ಪುಟ್ಟಿ" ಎಂದ ಅಣ್ಣ. ಮನೆ ಮನೆ ತಿರುಗಿ ಕರೆಂಟಿನ ಮೀಟರು ನೋಡಿ ಬಿಲ್ಲು ಕೊಡುವ ಕೆಲಸ ಅವನದು. ಯಾರ ಮನೆಯಲ್ಲಿ ಯಾವ ಕ್ಯಾಮೆರಾ ಇದೆ, ಯಾವುದು ಆರು ತಿಂಗಳಿಗೇ ಕುರುಡಾಯಿತು, ಎಲ್ಲ ಅವನಿಗೆ ಬಾಯಿಪಾಠ. ಅಣ್ಣ ತಂಗಿ ಇಬ್ಬರೂ ಅಂಗಡಿಗೆ ಹೋದರು. ಅಂಗಡಿಯವನು ಮೊದಲು ನಾಲ್ಕು ಕ್ಯಾಮೆರಾದ ದೊಡ್ಡ ಸೆಟ್ಟು ತೋರಿಸಿದ. ಅದಕ್ಕೊಂದು ಪೆಟ್ಟಿಗೆ, ಗೋಡೆ ತುಂಬ ವೈರು. "ನಮ್ಮನೇಲಿ ಕದಿಯೋಕೆ ಅಷ್ಟೆಲ್ಲ ಏನಿದೆ?" ಎಂದು ಅವಳು ನಕ್ಕಳು. ಆಮೇಲೆ ಅವನು ಬಲ್ಬಿನ ಗಾತ್ರದ, ವೈಫೈನಲ್ಲಿ ನಡೆಯುವ ಒಂದನ್ನು ತೋರಿಸಿ, ಇದರಲ್ಲಿ ಮಾತೂ ಕೇಳಿಸುತ್ತದೆ, ಫೋನಿನಿಂದ ನಾವು ತಿರುಗಿ ಮಾತಾಡಲೂಬಹುದು ಎಂದ.

"ಯಾಕೆ, ಕಳ್ಳ ಮಾತಾಡ್ಕೊಂಡು ಕದೀತಾನಾ?" ಎಂದಳು. ಅಂಗಡಿಯವನೂ ನಕ್ಕ. ಅದನ್ನೇ ಆರಿಸಿದರು.

ಕೂರಿಸಲು ಬಂದವನಿಗೆ ಅವಳು ಸರಿಯಾಗಿ ಕೆಲಸ ಕೊಟ್ಟಳು. ಪರದೆಯ ಈಚೆಗೆ ಮೂರಡಿ ಬಿಟ್ಟು ನೆಲದ ಮೇಲೆ ಬಟ್ಟೆ ಗುರುತಿಸುವ ಸೀಮೆಸುಣ್ಣದಿಂದ ಗೆರೆ ಎಳೆದು, "ಈ ಗೆರೆಯಿಂದಾಚೆ ಒಂದು ನೂಲೂ ಕಾಣಬಾರದು. ನನ್ನ ನಂಬಿ ಹೆಣ್ಣುಮಕ್ಕಳು ಬರ್ತಾರೆ" ಎಂದಳು. ಅವನು ನಾಲ್ಕು ಸಲ ಏಣಿ ಹತ್ತಿ ಇಳಿದ. ಬಾಗಿಲು, ಮೊಳೆ, ಮಷೀನು ಕಾಣಿಸಿತು, ಪರದೆ ಕಾಣಿಸಲಿಲ್ಲ. ಆಗ ಒಪ್ಪಿದಳು.

"ಯಾರ ಫೋನಿಂದ ಶುರು ಮಾಡ್ಲಿ? ಮೊದಲು ಹಾಕಿದವರೇ ಇದಕ್ಕೆ ಓನರ್. ಮಿಕ್ಕವರು ಅವರು ಬಿಟ್ರೆ ಮಾತ್ರ ನೋಡಬಹುದು" ಎಂದು ಅವನು ಕೇಳಿದ.

ಆ ಮನೆಯಲ್ಲೊಂದು ರೂಢಿಯಿತ್ತು. ಹೊಸದಾಗಿ ಏನು ಬಂದರೂ ಮೊದಲು ಅಣ್ಣನ ಕೈ ಮುಟ್ಟಬೇಕು, ಅವನ ಕೈಗುಣ ಒಳ್ಳೆಯದು. ಹೊಲಿಗೆ ಮಷೀನಿನ ಮೊದಲ ಹೊಲಿಗೆ ಅವನೇ ಸೊಟ್ಟಪಟ್ಟ ಹಾಕಿದ್ದ, ಫ್ರಿಜ್ಜಿನ ಸ್ವಿಚ್ಚೂ ಅವನೇ ಒತ್ತಿದ್ದ.

"ಅಣ್ಣನದೇ ಹಾಕಿ, ಆಮೇಲೆ ನಂದು" ಎಂದಳು.

"ಮನೆ ನಿಮ್ಮದಲ್ವಾ ಅಕ್ಕ, ನಿಮ್ಮದರಿಂದ ಮಾಡಿದ್ರೆ ವಾಸಿ" ಎಂದು ಕ್ಯಾಮೆರಾದವನು ಒಂದು ಮಾತು ಹೇಳಿಯೂ ಹೇಳಿದ. ಕೇಳಬೇಕಲ್ಲ! ಅಣ್ಣನ ಫೋನೇ ಮೊದಲಾಯಿತು. ಎರಡು ದಿನ ಬಿಟ್ಟು ಅಣ್ಣನೇ ಬಂದು, "ನನ್ನ ಫೋನಿಂದ ತೆಗೆದುಬಿಟ್ಟೆ ಪುಟ್ಟಿ. ನಿನ್ನ ಮನೆ ನಾನ್ಯಾಕೆ ನೋಡ್ಲಿ" ಎಂದ. ಎಂಥ ಮರ್ಯಾದಸ್ಥ ನೋಡಿ! ತಂಗಿಯ ಕಣ್ಣು ತುಂಬಿ ಬಂತು.

ಐದಾರು ತಿಂಗಳಾಗಿರಬಹುದು. ಶಾಲೆಯ ಎದುರು ಪುಟ್ಟ ಮಳಿಗೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರು ಅವಳನ್ನು ಕರೆದು ಗುಟ್ಟಾಗಿ ಹೇಳಿದರು: "ಕಣ್ಣು ಮಂಜಾಯ್ತಮ್ಮ, ಅಂಗಡಿ ಬಿಡ್ತಿದ್ದೀನಿ. ಮಳಿಗೆ ಒಬ್ಬ ಅಜ್ಜಿದು, ಈಗ ಊರಲ್ಲಿಲ್ಲ, ಗುರುವಾರ ಬರ್ತಾರೆ. ಮೊದಲು ಬಂದು ಕೇಳಿದವರಿಗೆ ಮಾತು ಕೊಡೋ ಜಾತಿ ಅವರು. ಯಾರಿಗೂ ಹೇಳಬೇಡ, ನೀನು ಹೋಗು."

ಶಾಲೆ ಎದುರು! ವರ್ಷವಿಡೀ ಸಮವಸ್ತ್ರದ ಕೆಲಸ. ಟೈಲರಕ್ಕನ ಕಾಲು ನೆಲದ ಮೇಲಿರಲಿಲ್ಲ. ಅವಳು ಹೇಳಿದ್ದು ಗಂಡನೊಬ್ಬನಿಗೆ, ಅದೂ ಮಷೀನಿನ ಮುಂದೆ ಕೂತು, ಮೆಲ್ಲಗೆ. ನಿಲುವುಗನ್ನಡಿ ಯಾವ ಗೋಡೆಗೆ, ಬೋರ್ಡು ಯಾವ ಬಣ್ಣ, ಎಲ್ಲ ಆ ಕೋಣೆಯಲ್ಲೇ ತೀರ್ಮಾನವಾಯಿತು. ಗೋಡೆಗೂ ಕಿವಿಯಿರುತ್ತದೆ ಅಂತಾರೆ. ಇವಳು ಆ ಕಿವಿಯನ್ನು ದುಡ್ಡು ಕೊಟ್ಟು ತಂದು ಕೂರಿಸಿಕೊಂಡಿದ್ದಳು.

ಗುರುವಾರ ಹತ್ತು ಗಂಟೆಗೆ ಹೋದರೆ ಅಜ್ಜಿ ಹೇಳಿತು: "ಅಯ್ಯೋ, ನಿಮ್ಮಣ್ಣ ಏಳಕ್ಕೇ ಬಂದಿದ್ದನಲ್ಲ. ಹೆಂಡ್ತಿ ರೆಡಿಮೇಡ್ ಅಂಗಡಿ ಇಡ್ತಾಳಂತೆ. ಮಾತು ಕೊಟ್ಟಾಯ್ತು ತಾಯಿ."

ಅಲ್ಲಿಂದ ನೇರ ಗಡಿಯಾರದ ಮುದುಕರ ಬಳಿ ಹೋಗಿ ಬಾಯಿಗೆ ಬಂದಂತೆ ಬೈದಳು. "ನನ್ನ ಬಾಯಿಂದ ಹೋಗಿಲ್ಲಮ್ಮ" ಎಂದು ಆ ಜೀವ ಎಷ್ಟು ಹೇಳಿದರೂ ಕೇಳಲಿಲ್ಲ. ಅಣ್ಣನಿಗೆ ಫೋನು ಮಾಡಿದರೆ, "ನಿಂಗೂ ಬೇಕಿತ್ತಾ? ನಂಗೆ ಗೊತ್ತೇ ಇಲ್ವಲ್ಲ ಪುಟ್ಟಿ!" ಎಂದ. ಅವಳು ನಂಬಿದಳು. ಹೋಗಲಿ ಬಿಡು, ಬೇರೆಯವರ ಪಾಲಾಗಲಿಲ್ಲವಲ್ಲ ಎಂದು ಗಂಡನಿಗೇ ಸಮಾಧಾನ ಹೇಳಿದಳು.

ಭಾನುವಾರ ಮಧ್ಯಾಹ್ನ ಗಂಡ ಗುಂಡಿಗಳನ್ನು ಬಣ್ಣದ ಪ್ರಕಾರ ಡಬ್ಬಿಗೆ ಹಾಕಿಕೊಡುತ್ತಿದ್ದ. ಇವಳು ಕಾಲರು ಹೊಲಿಯುತ್ತ, "ಅಜ್ಜಿ ಹತ್ರ ಇನ್ನೊಂದು ಸಲ ಹೋಗಿ ಕೇಳ್ಲೇನ್ರೀ? ಪಕ್ಕದ ಮಳಿಗೆ ಯಾವಾಗಾದ್ರೂ ಖಾಲಿಯಾದ್ರೆ..." ಎನ್ನುತ್ತಿದ್ದಳು.

ಗೋಡೆಯ ಮೇಲಿಂದ ಅತ್ತಿಗೆಯ ದನಿ ಬಂತು. "ಕೇಳಿಸ್ತೇನ್ರೀ? ಮತ್ತೆ ಅಜ್ಜಿ ಹತ್ರ ಹೋಗ್ತಾಳಂತೆ. ನೀವು ಈಗ್ಲೇ ಹೋಗಿ ಬೀಗದ ಕೈ ಇಸ್ಕೊಂಡು ಬಂದುಬಿಡಿ."

ಅದರ ಹಿಂದೆಯೇ ಅಣ್ಣನ ದನಿ. "ಏಯ್, ಆ ಮೈಕಿನ ಬಟನ್ ಮೇಲಿಂದ ಬೆರಳು ತೆಗಿಯೇ! ಅಲ್ಲಿಗೆ ಕೇಳಿಸುತ್ತೆ!"

ಟಪ್ಪೆಂದು ನಿಂತಿತು. ಗಂಡ ಕುರ್ಚಿ ಎಳೆದು ಹತ್ತಿ, "ಕಿತ್ತು ಬಿಸಾಕ್ತೀನಿ ಇದನ್ನ. ಬೇಲಿನೇ ಎದ್ದು ಹೊಲ ಮೇಯ್ತಲ್ಲೇ!" ಎಂದು ಕೂಗಿದ. ಟೈಲರಕ್ಕ ಅವನ ಕೈ ಹಿಡಿದು ಇಳಿಸಿ, ಕ್ಯಾಮೆರಾ ಕೂರಿಸಿದವನಿಗೆ ಫೋನು ಮಾಡಿದಳು. ಅಣ್ಣ ತೆಗೆದಿದ್ದೀನಿ ಅಂದಿದ್ದನಲ್ಲ ಎಂದು ಕೇಳಿದಳು.

"ಅವರು ತೆಗೆದಿದ್ರೆ ನಿಮ್ಮ ಫೋನಲ್ಲೂ ಬರ್ತಿರಲಿಲ್ಲ ಅಕ್ಕ. ಓನರ್ ಅವರೇ. ಅವರಾಗೇ ಬಿಟ್ಟರೆ ಮಾತ್ರ ಅದು ನಿಮ್ಮದಾಗೋದು."

ತನ್ನ ಮನೆಯ ಗೋಡೆಯನ್ನು ತನಗೆ ಬಿಟ್ಟುಕೊಡು ಎಂದು ಅಣ್ಣನನ್ನೇ ಕರೆಯಬೇಕಾಯಿತು. ಅರ್ಧ ಗಂಟೆಯಲ್ಲಿ ಬಂದ. ಚಪ್ಪಲಿ ಬಿಡುವಾಗಲೇ ಶುರು ಮಾಡಿದ: "ನಿನ್ನ ಒಳ್ಳೇದಕ್ಕೇ ಇಟ್ಕೊಂಡಿದ್ದೆ ಪುಟ್ಟಿ. ನೀನೊಬ್ಬಳೇ ಇರ್ತೀಯಲ್ಲ ಅಂತ. ನಿನ್ನ ಅತ್ತಿಗೆ ಎಷ್ಟು ವರ್ಷದಿಂದ ಅಂಗಡಿ ಅಂಗಡಿ ಅಂತ ಪ್ರಾಣ ತಿಂತಿದ್ದಳು, ನಿಂಗೇ ಗೊತ್ತಲ್ಲ..."

"ಫೋನಿಂದ ತೆಗಿ" ಎಂದಳು.

ಅವನು ಬಗ್ಗಿ ಫೋನು ಒತ್ತತೊಡಗಿದ. ಅವಳು ಎದುರು ನಿಂತಿದ್ದಳು. ಸಿಟ್ಟು ಬರಲಿ ಎಂದು ಕಾಯುತ್ತಿದ್ದಳು, ಬರಲಿಲ್ಲ.

"ಮೊದಲ ದಿನದಿಂದಲೂ ಕೇಳ್ತಿದ್ಯಾ ಅಣ್ಣ?"

"ದಿನಾ ಅಲ್ಲ. ಬಿಡುವಾದಾಗ."

"ಹಾಗಾದ್ರೆ ಹೋದ ತಿಂಗಳು ನಂಗೆ ಜ್ವರ ಬಂದಿತ್ತಲ್ಲ, ಆವತ್ತು ಇಲ್ಲೇ ಚಾಪೆ ಮೇಲೆ ಮಲಗಿ ಮಗಳಿಗೆ ಹೇಳ್ತಿದ್ದೆ. ನಂಗೇನಾದ್ರೂ ಆದ್ರೆ ಹೆದರಬೇಡ, ಸೀದಾ ಮಾವನ ಹತ್ರ ಹೋಗು. ಅಪ್ಪ ಹೋದ ಮೇಲೆ ನನ್ನನ್ನ ಅಪ್ಪನ ಹಾಗೆ ನೋಡ್ಕೊಂಡೋನು ಅವನೇ, ನಿನ್ನನ್ನೂ ಕೈ ಬಿಡಲ್ಲ ಅಂತ. ಅದು ಕೇಳಿಸ್ತಾ?"

ಅಣ್ಣನ ಬೆರಳು ಫೋನಿನ ಮೇಲೆ ನಿಂತಿತು. ಇಲ್ಲ ಅಂತ ಅನ್ನಲಿ ಎಂದು ಅವಳು ಕಾದಳು. ಒಂದೇ ಒಂದು ಸಲ ಇಲ್ಲ ಅಂದಿದ್ದರೆ ಅದನ್ನೂ ನಂಬಿಬಿಡುತ್ತಿದ್ದಳು.

"ಕೇಳಿಸ್ತು" ಎಂದ ಅಣ್ಣ.