ಕಾಲರಿನಿಂದ ಮೇಲಕ್ಕೇಳದ ಕಣ್ಣು

ಅಲ್ಲ, ನೀನೇ ಹೇಳು, ಎದುರಿಗೆ ಕೂತವರ ಮುಖ ನೋಡದವಳು ನಾಳೆ ಕಳ್ಳನನ್ನು ಏನಂತ ಗುರುತು ಹಿಡಿದಾಳು? ಅಂಗಿ ನೋಡಿಯಾ? ನಮ್ಮ ಕಥೆ ಬರೆಯಲು ಬಂದವನಲ್ಲವೇ ನೀನು, ಬರೆದುಕೋ, ಇದನ್ನೂ ಬರೆದುಕೋ. ನನಗಂತೂ ತಲೆ ಕೆಟ್ಟು ಕೆರ ಹಿಡಿದು ಹೋಗಿದೆ.

ಗುರುವಾರ ನನ್ನ ಮೊಮ್ಮಗಳಿಗೆ ಸಬ್‌ಇನ್‌ಸ್ಪೆಕ್ಟರ್ ಕೆಲಸದ ಇಂಟರ್‌ವ್ಯೂ. ಇದು ಮೂರನೇ ಸಲ, ಕೊನೆಯ ಸಲವೂ ಹೌದು. ಬರುವ ತಿಂಗಳು ಅವಳ ವಯಸ್ಸು ಮಿತಿ ದಾಟುತ್ತದೆ, ಆಮೇಲೆ ಅವಳ ಅರ್ಜಿಯನ್ನೇ ಯಾರೂ ಮುಟ್ಟುವುದಿಲ್ಲ.

ಅವಳ ಹೆಸರು ಏನಾದರೂ ಇರಲಿ, ಮನೆಯಲ್ಲಿ ಇಂಚು. ಹುಟ್ಟಿದಾಗ ಅಂಗೈಯಗಲ ಇದ್ದಳು, ನಾನೇ ಹಾಗೆ ಕರೆದೆ. ಈಗ ಬಾಗಿಲಿಗೆ ತಲೆ ತಾಗಿಸಿಕೊಳ್ಳುತ್ತಾಳೆ, ಆದರೂ ಇಂಚೇ. ಓಟದಲ್ಲಿ ಪಾಸು, ಬರವಣಿಗೆಯಲ್ಲಿ ಪಾಸು. ಕಾನೂನಿನ ಕಲಮುಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒದರುತ್ತಾಳೆ. ಮೂರು ಜನ ಅಧಿಕಾರಿಗಳ ಎದುರು ಕುರ್ಚಿಯಲ್ಲಿ ಕೂತಳೋ, ಕೆಟ್ಟಿತು.

ನಮ್ಮದು ಹೊಲಿಗೆ ಅಂಗಡಿ. ಪೊಲೀಸ್ ಸ್ಟೇಷನ್ನಿನ ಹಿಂದಿನ ಬೀದಿ. ಎರಡು ಮೆಷಿನ್, ಬಟ್ಟೆ ಕತ್ತರಿಸುವ ಮೇಜು, ಅಳತೆ ತೆಗೆಯಲು ಪರದೆ ಕಟ್ಟಿದ ಒಂದು ಮೂಲೆ, ಅಷ್ಟೇ. ಮೇಜಿನ ಒಂದು ಕಾಲು ಗಿಡ್ಡ, ಅದಕ್ಕೆ ಮರದ ಚಕ್ಕೆ ಕೊಟ್ಟಿದ್ದೇನೆ, ಅದು ಬೇರೆ ಕಥೆ. ಸ್ಟೇಷನ್ನಿನವರ ಯೂನಿಫಾರ್ಮೆಲ್ಲ ನಾವೇ ಹೊಲಿಯುವುದು. ಹನ್ನೆರಡು ವರ್ಷದವಳಿದ್ದಾಗ ಯಾರದೋ ಖಾಕಿ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತಿದ್ದಳು, ತೋಳು ಮೊಣಕಾಲಿಗೆ ಬರುತ್ತಿತ್ತು. "ಬಿಚ್ಚೇ, ಬೇರೆಯವರದ್ದು ಅದು" ಅಂದೆ. "ಆಯ್ತು ಬಿಡಜ್ಜಿ, ನಂದು ನಾನೇ ಹೊಲ್ಕೋತೀನಿ" ಅಂದಳು. ಮೊದಲನೇ ಇಂಟರ್‌ವ್ಯೂಗೆ ಮುಂಚೆಯೇ ಖಾಕಿ ಬಟ್ಟೆ ತಂದಿಟ್ಟುಕೊಂಡಳು. ಇನ್ನೂ ಬೀರುವಿನಲ್ಲಿದೆ. ಕತ್ತರಿ ತಾಗಿಲ್ಲ, ಮಡಿಕೆಯ ಗೆರೆಯಲ್ಲಿ ಬಣ್ಣ ಬಿಳಚಿಕೊಂಡಿದೆ.

ತಪ್ಪು ನನ್ನದೇ ಅನ್ನುವುದೇ ನನ್ನ ಉರಿ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಬ್ಬ ದಪ್ಪ ಹೆಂಗಸಿನ ಸೊಂಟ ಅಳೆದು, ಅಂಕಿ ಹೇಳುತ್ತ ಅವರ ಮುಖ ನೋಡಿದೆ. ನಗಲಿಲ್ಲ, ಆಣೆ ಮಾಡಿ ಹೇಳುತ್ತೇನೆ, ಸುಮ್ಮನೆ ನೋಡಿದೆ. ಅವರ ಮುಖ ಕೆಂಪಗಾಯಿತು. ಆಮೇಲೆ ಆಕೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅವತ್ತಿನಿಂದ ನನ್ನದೊಂದು ಕಟ್ಟಳೆ: ಟೇಪು ಕೈಯಲ್ಲಿರುವಾಗ ಕಣ್ಣು ಟೇಪಿನ ಮೇಲೆ, ಕಾಲರಿನಿಂದ ಮೇಲಕ್ಕೆ ಏಳಕೂಡದು. ಇಂಚುವಿಗೆ ಹತ್ತು ವರ್ಷಕ್ಕೇ ಟೇಪು ಕೊಟ್ಟೆ, ಕಟ್ಟಳೆಯನ್ನೂ ಕೊಟ್ಟೆ. ಕಣ್ಣೆತ್ತಿದರೆ ಅಡಿಕೋಲಿನಲ್ಲಿ ಬೆರಳಿಗೆ ಒಂದು ತಟ್ಟುತ್ತಿದ್ದೆ. ಚೆನ್ನಾಗಿಯೇ ಕಲಿಸಿದೆ, ನನ್ನ ಬುದ್ಧಿಗಿಷ್ಟು!

ಮೊದಲ ಇಂಟರ್‌ವ್ಯೂನಲ್ಲಿ ಮೂರೂ ಅಧಿಕಾರಿಗಳ ಕಾಲರುಗಳಿಗೇ ಉತ್ತರ ಹೇಳಿ ಬಂದಳು. ಎರಡನೆಯದರಲ್ಲಿ ಒಬ್ಬರು, "ನಿಮ್ಮನ್ನು ಈಗ ಒಳಗೆ ಕರ್ಕೊಂಡು ಬಂದ್ರಲ್ಲ, ಅವರು ಹೇಗಿದ್ರು ಹೇಳಿ" ಅಂದರಂತೆ. ಇವಳು ಗಡಗಡ ಹೇಳಿದಳು: "ಎದೆ ನಲವತ್ತೆರಡು ಸರ್. ಬಲಗಡೆ ಭುಜ ಒಂದು ಬೆರಳು ತಗ್ಗು. ಮೂರನೇ ಗುಂಡಿ ಬೇರೆ ದಾರದಲ್ಲಿ ಹೊಲಿದಿದೆ."

"ಮುಖ?"

"ಮುಖ..."

"ಕನ್ನಡಕ ಇತ್ತೋ ಇಲ್ವೋ?"

ಇವಳಿಗೆ ಗೊತ್ತಿದ್ದರೆ ತಾನೇ! ಆ ಸಲ ನಾಲ್ಕೇ ನಾಲ್ಕು ಅಂಕದಲ್ಲಿ ಹೋಯಿತು. ಮೂರು ದಿನ ಮೆಷಿನ್ ತುಳಿದಳು ನೋಡು, ಸೂಜಿ ಮುರಿದದ್ದೇ ಮುರಿದದ್ದು.

ಈ ಸಲ ತಯಾರಿ ಮಾಡಿಸುತ್ತಿರುವುದು ನಮ್ಮ ದಫೇದಾರ. ರಿಟೈರಾದ ಹೆಡ್ ಕಾನ್‌ಸ್ಟೇಬಲ್. ಅವನ ಮೊದಲ ಯೂನಿಫಾರ್ಮಿನಿಂದ ಕೊನೆಯದರ ತನಕ ನಾನೇ ಹೊಲಿದದ್ದು, ಅವನ ಹೊಟ್ಟೆ ಬೆಳೆದದ್ದು ನನ್ನ ಪುಸ್ತಕದಲ್ಲಿ ವರ್ಷವಾರು ಇದೆ. ದಿನಾ ಸಂಜೆ ಅಂಗಡಿ ಬಾಗಿಲು ಅರ್ಧ ಎಳೆದು, ಮೇಜಿನ ಹಿಂದೆ ಮೂರು ಕುರ್ಚಿ ಹಾಕಿ ನಾನು, ನನ್ನ ಮಗಳು, ದಫೇದಾರ ಅಧಿಕಾರಿಗಳ ಹಾಗೆ ಕೂರುತ್ತೇವೆ. ನನ್ನ ಮಗಳು, ಇಂಚುವಿನ ತಾಯಿ, ಪ್ರಶ್ನೆ ಕೇಳು ಅಂದರೆ "ಮಧ್ಯಾಹ್ನ ಪಾತ್ರೆ ಯಾಕೆ ತೊಳೀಲಿಲ್ಲ?" ಅಂತ ಕೇಳುತ್ತಾಳೆ. ಅಧಿಕಾರಿ ಕೇಳುವ ಪ್ರಶ್ನೆಯಾ ಅದು?

ನಿನ್ನೆ ಏನಾಯಿತು ಕೇಳು. ದಫೇದಾರ ಹಿಂದಿನ ಬಾಗಿಲಿಂದ ಬಂದ. ನಾನು ಗುರುತೇ ಹಿಡಿಯಲಿಲ್ಲ, "ಯಾರ್ರೀ ನೀವು?" ಅಂದೆ. ಮೀಸೆ ಬೋಳಿಸಿದ್ದ! ನಲವತ್ತು ವರ್ಷದ ಮೀಸೆ ಮಾರಾಯ, ಎರಡು ಕಡೆಗೂ ನಿಂಬೆಹಣ್ಣು ನಿಲ್ಲಿಸಬಹುದಿತ್ತು. ಈಗ ಮೂಗಿನ ಕೆಳಗೆ ಬಟಾಬಯಲು.

"ಸುಮ್ನಿರಕ್ಕಾ, ಅವಳು ನೋಡ್ತಾಳೋ ಇಲ್ವೋ ಪರೀಕ್ಷೆ ಮಾಡೋಣ" ಅಂದ. "ನನ್ನ ಹೆಂಡ್ತಿ ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದಾಳೆ."

ಇಂಚು ಬಂದಳು, ನಮಸ್ಕಾರ ಮಾಡಿದಳು, ಕೂತಳು. ಅರ್ಧ ಗಂಟೆ ಪ್ರಶ್ನೆ, ಅರ್ಧ ಗಂಟೆ ಉತ್ತರ, ಒಂದಕ್ಷರ ತಪ್ಪಿಲ್ಲ. ನಾನು ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಕೊನೆಗೆ ದಫೇದಾರ ಕೇಳಿದ, "ಇವತ್ತು ನನ್ನಲ್ಲೇನಾದ್ರೂ ಬದಲಾವಣೆ ಕಾಣುತ್ತೇನಮ್ಮಾ?"

ಇಂಚುವಿನ ಮುಖ ಅರಳಿತು. "ಹೂಂ ಮಾವ! ಸವೆದ ಕಾಲರ್ ಬಿಚ್ಚಿ ತಿರುಗಿಸಿ ಹೊಲಿಸಿದ್ದೀರಿ. ಹೊರಗೆ ಕೊಟ್ರಾ? ನಮ್ಮ ಹೊಲಿಗೆ ಅಲ್ಲ ಅದು."

ದಫೇದಾರ ಮೇಜು ಗುದ್ದಿದ. ಚಕ್ಕೆ ಜಾರಿ ಮೇಜು ವಾಲಿತು, ಗುಂಡಿ ಡಬ್ಬಿ ನೆಲಕ್ಕೆ. "ಮುಖ ನೋಡೇ! ಮುಖ! ನಿನಗೋಸ್ಕರ ಮೀಸೆ ತೆಗ್ಸಿದ್ದೀನಿ!"

ಆಗ ನೋಡಿದಳು. ನೋಡಿದವಳು ನಗಲಿಲ್ಲ. ನನ್ನ ಕಡೆ ತಿರುಗಿ, "ಅಜ್ಜೀ, ಕಣ್ಣೆತ್ತಿದ್ರೆ ಬೆರಳು ಚುರ್ ಅನ್ನುತ್ತೆ, ಈಗ್ಲೂ" ಅಂದಳು. ಆಮೇಲೆ ಬಗ್ಗಿ ಗುಂಡಿ ಹೆಕ್ಕತೊಡಗಿದಳು.

ನಾನೂ ಬಗ್ಗಿ ಹೆಕ್ಕಿದೆ. ನಲವತ್ತು ಚಿಲ್ಲರೆ ವರ್ಷ ಗಿರಾಕಿ ಮುನಿಸಿಕೊಳ್ಳದ ಹಾಗೆ ನೋಡಿಕೊಂಡೆ, ಮನೆಯ ಮಗುವಿನ ಕಣ್ಣು ಕೆಳಗೇ ಹೊಲಿದುಬಿಟ್ಟೆ. ಬೆಳಿಗ್ಗೆ ಎದ್ದವಳೇ ಅಡಿಕೋಲನ್ನು ತೆಗೆದು ಮೇಜಿನ ಕಾಲಿನ ಕೆಳಗೆ ತುರುಕಿದೆ. ಇಂಚು ನೋಡಿದಳು. "ಗಿರಾಕಿ ಬಂದ್ರೆ ಇನ್ಮೇಲೆ ಮೊದಲು ಮುಖ ನೋಡು, ಆಮೇಲೆ ಟೇಪು ತೆಗಿ. ಮುನಿಸ್ಕೊಂಡ್ರೆ ಮುನಿಸ್ಕೊಳ್ಲಿ" ಅಂದೆ. "ಹೂಂ" ಅಂದಳು. ಅದನ್ನೂ ನನ್ನ ಕೊರಳು ನೋಡಿಕೊಂಡೇ ಹೇಳಿದಳು!

ಇನ್ನು ಎರಡೇ ದಿನ. ದಫೇದಾರನಿಗೆ ಬೋಳಿಸಲು ಇನ್ನೇನೂ ಉಳಿದಿಲ್ಲ. ಅದಕ್ಕೆ ನಿನಗೆ ಹೇಳುತ್ತಿದ್ದೇನೆ, ಬರೆಯುವುದು ಸಾಕು, ಪೆನ್ನು ಮುಚ್ಚು. ಈ ಸೀಮೆಸುಣ್ಣ ತಗೋ, ಮೂಗಿನ ತುದಿಗೆ ದಪ್ಪಗೆ ಹಚ್ಚಿಕೋ. ಅಂಗಡಿಯಲ್ಲಿ ಇಂಚು ಇದ್ದಾಳೆ, ಹೋಗಿ ಒಂದು ಅಂಗಿಗೆ ಅಳತೆ ಕೊಡು. ನಾನು ಕಳಿಸಿದೆ ಅಂತ ಬಾಯಿ ಬಿಡಬೇಡ. ಅವಳು ನಿನ್ನ ಮೂಗು ನೋಡಿ ನಕ್ಕರೆ ನೆಟ್ಟಗೆ ಇಲ್ಲಿಗೆ ಬಂದು ನನಗೆ ಹೇಳು. ನಗದಿದ್ದರೆ ಅಲ್ಲೇ ಕೂತಿರು, ಅಳತೆ ಸರಿಯಿಲ್ಲ, ಇನ್ನೊಂದು ಸಲ ತೆಗಿ ಅನ್ನು. ಅವಳು ಕಣ್ಣೆತ್ತುವ ತನಕ ಎದ್ದು ಬರಬೇಡ.