ದೊಡ್ಡಮ್ಮನ ಕೋಣೆಯ ಜೀರೋ ಬಲ್ಬು

ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ನಮ್ಮ ಮನೆಗೆ ಕರೆಂಟು ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ಬೀದಿಯಲ್ಲಿ ಕಂಬಗಳು ಮೊದಲೇ ಇದ್ದವು. ರೇಷ್ಮೆ ಹುರಿ ಮಾಡುವ ಮಿಷನ್ನು ಇಟ್ಟವರ ಮನೆಗಳಿಗೆ ತಂತಿ ಎಳೆದಿದ್ದರು. ನಮ್ಮದು ಮೇಷ್ಟ್ರ ಮನೆ, ನಮ್ಮ ಸರದಿ ತಡವಾಗಿ ಬಂತು. ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಐದು ದೀಪ, ಒಂದು ಪ್ಲಗ್ಗು ಹಾಕಿಸಿದೆ. ಮೀಟರನ್ನು ಲೈನ್‌ಮನ್ ಸೂರಿನ ಹತ್ತಿರ ಜಡಿಯಲು ಹೊರಟಾಗ ತಡೆದು, ಪಡಸಾಲೆಯ ಗೋಡೆಯಲ್ಲಿ ನನ್ನ ಕಣ್ಣಿನ ಮಟ್ಟಕ್ಕೆ ಕೂರಿಸಿದೆ. ನೋಡದೆ ಇರುವುದಕ್ಕೆ ಮೀಟರ್ ಯಾಕೆ?

ಕೋಣೆ ಬಿಟ್ಟವರು ದೀಪ ಆರಿಸಬೇಕು ಎಂಬುದು ಮನೆಯ ನಿಯಮ. ಇದು ನನ್ನದಲ್ಲ, ದೊಡ್ಡಮ್ಮನದು. ನನಗೆ ಮೂರು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅವಳ ಅಕ್ಕ, ಆಗಲೇ ವಿಧವೆ, ಬಂದು ನನ್ನನ್ನು ಸಾಕಿದಳು. ಸೀಮೆಎಣ್ಣೆಯ ಕಾಲದಲ್ಲಿ ನಮ್ಮಲ್ಲಿ ಒಂದೇ ಲಾಟೀನು. ಅಡುಗೆಮನೆಯಿಂದ ನಡುಮನೆಗೆ ಬಂದರೆ ಲಾಟೀನೂ ಬರಬೇಕು. ಯಾರೂ ಇಲ್ಲದ ಕಡೆ ದೀಪ ಉರಿಯುವುದನ್ನು ಅವಳು ಸಹಿಸುತ್ತಿರಲಿಲ್ಲ. ಐದಕ್ಕೆ ಏಳುವುದು, ಐದೂವರೆಗೆ ಬಾವಿ, ಆರಕ್ಕೆ ಪುಸ್ತಕ. ಹೊಡೆದವಳಲ್ಲ, ಕೂಗಿದವಳೂ ಅಲ್ಲ. ಹೇಳಿದ್ದನ್ನು ಒಂದು ಸಲ ಹೇಳುತ್ತಿದ್ದಳು. ನನ್ನ ಕೆಲಸಕ್ಕೆ ಬೇಕಾದದ್ದನ್ನೆಲ್ಲ ತರಬೇತಿ ಕಾಲೇಜಿಗೆ ಹೋಗುವ ಮೊದಲೇ ನಾನು ಅವಳಿಂದ ಕಲಿತಿದ್ದೆ.

ಅವಳ ಎಡಗಣ್ಣನ್ನು ಚಿಕ್ಕಂದಿನಲ್ಲೇ ಸಿಡುಬು ತಿಂದಿತ್ತು. ಬಲಗಣ್ಣೊಂದರಲ್ಲೇ ಅರವತ್ತು ವರ್ಷ ಕಳೆದಿದ್ದಳು. ಅದಕ್ಕೂ ಪೊರೆ ಬರತೊಡಗಿತು. ಅಕ್ಕಿಯಲ್ಲಿ ಕಲ್ಲು ಉಳಿಯತೊಡಗಿದಾಗ ನಮಗೆ ಗೊತ್ತಾಯಿತು.

ಆ ಚಳಿಗಾಲ ದೇವನಹಳ್ಳಿಯ ಶಾಲೆಯೊಂದರಲ್ಲಿ ಕಣ್ಣಿನ ಕ್ಯಾಂಪು ನಡೆಯಿತು. ಪಕ್ಕದ ಮನೆಯ ಸಾಹೇಬರ ತಾಯಿಗೂ ಪೊರೆ ಬಂದಿತ್ತು. ಸಾಹೇಬರು ಹುರಿ ಮಿಷನ್ನು ಇಟ್ಟಿದ್ದರು. ಅವರ ಮನೆಯ ಗುಂಯ್ ಶಬ್ದ ನಿಂತರೆ ಬೀದಿಗೆಲ್ಲ ಕರೆಂಟು ಹೋಗಿದೆ ಎಂದು ನಮಗೆ ತಿಳಿಯುತ್ತಿತ್ತು. ಶಾಲೆಯಲ್ಲಿ ಕ್ರೀಡಾಕೂಟವಿದ್ದ ಕಾರಣ ನಾನು ಹೋಗಲಾಗಲಿಲ್ಲ. ಸಾಹೇಬರೇ ಇಬ್ಬರು ಹೆಂಗಸರನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಅವರ ತಾಯಿಗೆ ಆಪರೇಷನ್ ಆಯಿತು. ದೊಡ್ಡಮ್ಮನನ್ನು ವಾಪಸು ಕಳಿಸಿದರು. ಪೊರೆ ಇನ್ನೂ ಬಲಿತಿಲ್ಲ, ಮುಂದಿನ ವರ್ಷ ಬರಬೇಕಂತೆ ಎಂದು ನನಗೆ ಹೇಳಿದಳು. ಅಷ್ಟೇ ಹೇಳಿದಳು.

ಒಂದು ವಾರದ ಮೇಲೆ, ನಾನು ಶೂ ಹಾಕಿಕೊಳ್ಳುತ್ತಿದ್ದಾಗ, ತನ್ನ ಕೋಣೆಯಲ್ಲಿ ಒಂದು ಸಣ್ಣ ದೀಪ ಹಾಕಿಸಿಕೊಡು ಎಂದಳು. ರಾತ್ರಿ ಪೂರ್ತಿ ಉರಿಯುವಂಥದ್ದು. ನನಗೆ ಆಶ್ಚರ್ಯವಾಯಿತು. ತನಗೆಂದು ಏನನ್ನೂ ಕೇಳಿದವಳಲ್ಲ, ಅದರಲ್ಲೂ ದೀಪ. ವಯಸ್ಸಾಯಿತು, ರಾತ್ರಿ ಎದ್ದರೆ ತಡವರಿಸುತ್ತಾಳೆ ಅಂದುಕೊಂಡೆ. ಅವಳ ಕೋಣೆ ನಡುಮನೆಯ ಪಕ್ಕದ್ದು, ಕಿಟಕಿಯಿಲ್ಲದ್ದು, ಹಿಂದೆ ರಾಗಿ ತುಂಬಿಡುತ್ತಿದ್ದದ್ದು. ಅಂಗಡಿಯಿಂದ ಕೆಂಪು ಬಣ್ಣದ ಜೀರೋ ಬಲ್ಬು ತಂದು, ಸ್ಟೂಲು ಹತ್ತಿ ನಾನೇ ಹಾಕಿದೆ. ಜೀರೋ ಬಲ್ಬು ಕರೆಂಟೇ ತಿನ್ನುವುದಿಲ್ಲ ಎಂದು ಆಗ ಎಲ್ಲರ ನಂಬಿಕೆ. ಹೆಸರೇ ಜೀರೋ. ದೇವರ ಪಟದ ಮುಂದೆ ಹಗಲು ರಾತ್ರಿ ಉರಿಸದ ಮನೆಯೇ ಇರಲಿಲ್ಲ. ನಾನೂ ನಂಬಿದ್ದೆ. ಇಲ್ಲದಿದ್ದರೆ ಹಾಕುತ್ತಿದ್ದೆನೋ ಇಲ್ಲವೋ, ಈಗ ಹೇಳಲಾರೆ.

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ಎಲ್ಲದರ ಬೆಲೆಯ ಜೊತೆಗೆ ಕರೆಂಟಿನ ದರವೂ ಏರಿತು. ಬಿಲ್ಲು ಬಂದಾಗ ನಾನು ಎರಡು ಸಲ ಓದಿದೆ. ನಮ್ಮ ಐದು ದೀಪ ಇಷ್ಟು ತಿನ್ನುವುದು ಸಾಧ್ಯವಿರಲಿಲ್ಲ. ಆ ಭಾನುವಾರ ಬೆಳಿಗ್ಗೆ, ಬೆಳಕು ಚೆನ್ನಾಗಿ ಬಿದ್ದ ಮೇಲೆ, ದೀಪದ ಸ್ವಿಚ್ಚುಗಳನ್ನೆಲ್ಲ ಆರಿಸಿದೆನೆಂದುಕೊಂಡು ಮೀಟರಿನ ಮುಂದೆ ನಿಂತೆ. ಒಳಗಿನ ಅಲ್ಯೂಮಿನಿಯಂ ಬಿಲ್ಲೆ ನಿಲ್ಲಲಿಲ್ಲ. ನಿಧಾನವಾಗಿ ತಿರುಗುತ್ತಲೇ ಇತ್ತು. ಅದರ ಅಂಚಿನ ಗುರುತು ಮರೆಯಾಗಿ, ಬಹಳ ಹೊತ್ತಿನ ಮೇಲೆ ಮತ್ತೆ ಬಂತು. ಯಾರೂ ಏನೂ ಉಪಯೋಗಿಸದೆ ಇರುವಾಗ ನಮ್ಮ ಮನೆ ಕರೆಂಟು ತಿನ್ನುತ್ತಿತ್ತು.

ಮೊದಲನೆಯ ಕಳ್ಳನನ್ನು ತೋರಿಸಿಕೊಟ್ಟದ್ದು ಬೆಕ್ಕು. ಅದು ಸದಾ ರೇಡಿಯೊ ಪೆಟ್ಟಿಗೆಯ ಮೇಲೆ ಮಲಗುತ್ತಿತ್ತು. ಕೈಯಿಟ್ಟು ನೋಡಿದರೆ ಪೆಟ್ಟಿಗೆ ಬೆಚ್ಚಗಿತ್ತು. ನನ್ನ ಹೆಣ್ಣುಮಕ್ಕಳಿಬ್ಬರೂ ಹಾಡು ಮುಗಿದ ಮೇಲೆ ತಿರುಪನ್ನು ಸದ್ದು ಅಡಗುವವರೆಗೆ ಮಾತ್ರ ತಿರುಗಿಸುತ್ತಿದ್ದರು. ಕಟ್ ಅನ್ನುವವರೆಗೆ ತಿರುಗಿಸುತ್ತಿರಲಿಲ್ಲ. ಮತ್ತೆ ಹಾಕಿದಾಗ ವಾಲ್ವು ಬಿಸಿಯಾಗುವವರೆಗೆ ಕಾಯಿಸದೆ ಹಾಡಲಿ ಎಂದು. ಅವತ್ತಿನಿಂದ ರೇಡಿಯೊ ಕೇಳಿದವರು ಪ್ಲಗ್ಗನ್ನೇ ಕಿತ್ತಿಡಬೇಕು ಎಂದು ಹೇಳಿದೆ. ಬೆಕ್ಕು ಎರಡು ದಿನ ಅಲ್ಲೇ ಮಲಗಿ, ಮೂರನೆಯ ದಿನ ಒಲೆಯ ಪಕ್ಕಕ್ಕೆ ಹೋಯಿತು.

ಆದರೆ ಆ ಭಾನುವಾರ ಪ್ಲಗ್ಗು ಕಿತ್ತ ಮೇಲೂ ಬಿಲ್ಲೆ ತಿರುಗುತ್ತಲೇ ಇತ್ತು. ಜಗಲಿಯ ಮೇಲೆ ಕುಳಿತಿದ್ದ ಸಾಹೇಬರನ್ನು ಕರೆದು ತೋರಿಸಿದೆ. ಮೋಟರುಗಳ ಜೊತೆ ಬದುಕಿದ ಮನುಷ್ಯ. ಒಳಗೊಂದು ಸುತ್ತು ಹಾಕಿ ಬಂದು, ದೊಡ್ಡಮ್ಮನ ಕೋಣೆಯ ಕಡೆ ಬೆರಳು ಮಾಡಿದರು. ಅದು ಜೀರೋ ಬಲ್ಬು, ಅದಕ್ಕೇನು ಎಂದೆ.

"ಜೀರೋ ಅಂತ ಡಬ್ಬದ ಮೇಲೆ ಬರ್ದವ್ರೆ ಮೇಷ್ಟ್ರೆ," ಎಂದರು. "ನಿಮ್ಮ ಮೀಟರಿಗೆ ಓದಕ್ಕೆ ಬರ್ತದಾ?"

ಇಬ್ಬರೂ ನಕ್ಕೆವು. ಅದು ಹನ್ನೆರಡು ಹದಿನೈದು ವಾಟ್ ತಿನ್ನುತ್ತದೆ, ದಿನವೆಲ್ಲ ಉರಿದರೆ ದೊಡ್ಡ ದೀಪಕ್ಕಿಂತ ಅದರದೇ ಲೆಕ್ಕ ಜಾಸ್ತಿ ಎಂದು ವಿವರಿಸಿದರು. ಸ್ವಿಚ್ಚು ಕೋಣೆಯೊಳಗೆ ಮೂಲೆಯಲ್ಲಿತ್ತು. ಹಗಲು ಆರಿಸುವುದು ಯಾರಿಗೂ ನೆನಪಾಗುತ್ತಿರಲಿಲ್ಲ, ಅವತ್ತು ನನಗೂ. ಬರೀ ಆರಿಸಿದರೆ ಮತ್ತೆ ಯಾರಾದರೂ ಹಾಕಿ ಮರೆಯುತ್ತಾರೆ ಎಂದು, ಸಾಹೇಬರು ಹೋದ ಮೇಲೆ ಸ್ಟೂಲು ತಂದೆ. ದೊಡ್ಡಮ್ಮ ಹಿತ್ತಲಿನಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದಳು. ಬಲ್ಬು ತಿರುಗಿಸಿ ತೆಗೆದು, ಕಾಗದದಲ್ಲಿ ಸುತ್ತಿ, ಬೀರುವಿನ ಮೇಲಿಟ್ಟೆ. ಮೀಟರಿನ ಮುಂದೆ ಬಂದು ನಿಂತೆ. ಬಿಲ್ಲೆ ನಿಂತಿತ್ತು. ಅವತ್ತು ನನಗಾದ ಸಂತೋಷವನ್ನು ನಾನು ಮರೆತಿಲ್ಲ. ಮರೆಯಲು ಪ್ರಯತ್ನಿಸಿದ್ದೇನೆ.

ಊಟದ ಹೊತ್ತಿಗೆ ಹೆಂಡತಿಗೂ ಮಕ್ಕಳಿಗೂ ಹೇಳಿದೆ. ದೊಡ್ಡಮ್ಮನಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಅವಳು ಯಾವತ್ತೂ ಸ್ವಿಚ್ಚು ಮುಟ್ಟಿದವಳಲ್ಲ. ಮನೆಯ ಹೊಸ ನಿಯಮಗಳನ್ನು ಸ್ವಿಚ್ಚು ಮುಟ್ಟುವವರಿಗೆ ಮಾತ್ರ ಹೇಳಿದೆ. ಬೇಕಿದ್ದರೆ ಕೇಳುತ್ತಾಳೆ ಅಂದುಕೊಂಡೆ. ನಾನು ಹೇಳಿರುತ್ತೇನೆ ಎಂದು ಹೆಂಡತಿ ಅಂದುಕೊಂಡಳು. ದೊಡ್ಡಮ್ಮ ಕೇಳಲಿಲ್ಲ. ಮಾರನೆಯ ದಿನವೂ ಕೇಳಲಿಲ್ಲ, ಆ ತಿಂಗಳೂ ಕೇಳಲಿಲ್ಲ. ದೀಪ ಬೇಕಾಗಿಯೇ ಇರಲಿಲ್ಲ ನೋಡು ಎಂದು ನಾನು ಹೆಂಡತಿಗೆ ಹೇಳಿದ್ದೂ ಉಂಟು.

ಆಮೇಲೆ ಅವಳು ಸ್ವಲ್ಪ ಬದಲಾದಳು. ಹೀಗೆ ಬರೆಯುವಾಗ ಕಾಣುತ್ತದೆ, ಆಗ ಕಾಣಲಿಲ್ಲ. ಐದಕ್ಕೆ ಏಳುವವಳು ಎದ್ದು ಹಾಸಿಗೆಯ ಮೇಲೆಯೇ ಕುಳಿತಿರುತ್ತಿದ್ದಳು. ಅಕ್ಕಿ ಆರಿಸುವುದನ್ನು ತಾನಾಗಿಯೇ ಸೊಸೆಗೆ ಬಿಟ್ಟುಕೊಟ್ಟಳು. ಪೆಟ್ಟಿಗೆಯಲ್ಲಿದ್ದ ಎರಡು ಸೀರೆಗಳನ್ನು ಮಕ್ಕಳಿಗೆಂದು ತೆಗೆದುಕೊಟ್ಟಳು.

ಚಳಿಗಾಲಕ್ಕೆ ಮತ್ತೆ ಕ್ಯಾಂಪು ಬಂತು. ಈ ಸಲ ನಾನೇ ರಜೆ ಹಾಕಿ ಕರೆದುಕೊಂಡು ಹೋಗುತ್ತೇನೆ ಎಂದೆ. ಬೇಡ ಎಂದಳು. ಕಾಣುವಷ್ಟು ಕಾಣುತ್ತದೆ, ಈ ವಯಸ್ಸಿನಲ್ಲಿ ಕಣ್ಣು ಕೊಯ್ಯಿಸಿಕೊಂಡು ಏನಾಗಬೇಕು ಎಂದಳು. ನಾನು ಇನ್ನೊಂದು ಸಲ ಹೇಳಿದೆ. ಅವಳು ಒಂದು ಸಲ ಹೇಳಿದ್ದನ್ನು ಎರಡನೆಯ ಸಲ ಹೇಳುವವಳಲ್ಲ, ಸುಮ್ಮನಾದಳು. ನಾನೂ ಸುಮ್ಮನಾದೆ. ರಜೆ ಉಳಿಯಿತು.

ಮುಂದಿನ ಬೇಸಿಗೆಯಲ್ಲಿ ಅವಳ ಬಲಗಣ್ಣು ಕೆಂಪಾಗಿ, ತಲೆಯ ಆ ಅರ್ಧವೆಲ್ಲ ಸಿಡಿಯತೊಡಗಿತು. ಎರಡು ದಿನ ಊಟ ಬಿಟ್ಟಳು. ಸಾಹೇಬರ ತಾಯಿ ನೋಡಲು ಬಂದರು. ಆಪರೇಷನ್ ಆದ ಮೇಲೆ ಅವರು ಸೀಸೆಯ ತಳದಂಥ ದಪ್ಪ ಕನ್ನಡಕ ಹಾಕಿ, ಬೀದಿಯಲ್ಲಿ ಎಲ್ಲರನ್ನೂ ದೂರದಿಂದಲೇ ಗುರುತು ಹಿಡಿಯುತ್ತಿದ್ದರು. ಕೋಣೆಯೊಳಗೆ ಹೋಗಿ ದೊಡ್ಡಮ್ಮನ ಪಕ್ಕ ಕುಳಿತರು. ನಾನು ನಡುಮನೆಯಲ್ಲಿ ಶಾಲೆಯ ಹಾಜರಿ ನೋಡುತ್ತಿದ್ದೆ. ಮಾತು ಕೇಳಿಸುತ್ತಿತ್ತು.

"ಹೋದ ಸಲ ಕ್ಯಾಂಪಿಗೆ ಯಾಕೆ ಬರ್ಲಿಲ್ಲಕ್ಕ ನೀವು? ನಾನು ಚೀಟಿ ಬರ್ಸಿ ಇಟ್ಟಿದ್ದೆ."

"ಬಂದು ಏನ್ಮಾಡ್ಲಿ," ಎಂದಳು ದೊಡ್ಡಮ್ಮ. "ಡಾಕ್ಟ್ರು ಹೇಳಿದ್ದು ನೀನೂ ಕೇಳಿದ್ಯಲ್ಲ. ಕತ್ತಲೆ ಕೋಣೇಲಿ ಸಣ್ಣ ದೀಪ ಕಾಣೋ ತನಕ ಹೆದ್ರಬೇಡಿ, ಅದೂ ಕಾಣ್ದೇ ಹೋದ್ರೆ ಕೊಯ್ದೂ ಪ್ರಯೋಜನ ಇಲ್ಲ ಅಂತ. ದಿನಾ ಐದಕ್ಕೆ ಎದ್ದು ಮೊದ್ಲು ಅದನ್ನೇ ನೋಡ್ತಿದ್ದೆ. ಕೆಂಪಗೆ ಕಾಣೋದು. ದಸರೆಗೆ ಮುಂಚೆ ಒಂದಿನ ಎದ್ದು ನೋಡ್ತೀನಿ, ಇಲ್ಲ."

"ಬಲ್ಬು ಸುಟ್ಟೋಗಿತ್ತೇನೋ."

"ಸುಟ್ಟೋಗಿದ್ರೆ ಯಾರಾದ್ರೂ ಹೇಳ್ತಿರ್ಲಿಲ್ವಾ? ದಿನಾ ಒಳಗೆ ಓಡಾಡ್ತಾರೆ. ಮಗನಿಗೆ ಅಂಥದ್ದು ಕಣ್ತಪ್ಪಲ್ಲ."

ಹಗಲು ಕಾಣುತ್ತಿತ್ತಲ್ಲ ಅಕ್ಕ ಎಂದು ಅವರು ಕೇಳಿದರು. ಹಗಲಿನ ಬೆಳಕು ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ, ಡಾಕ್ಟರು ಹೇಳಿದ್ದು ಸಣ್ಣ ದೀಪದ ಮಾತು ಎಂದಳು ದೊಡ್ಡಮ್ಮ. ಹೇಳಿದ್ದನ್ನು ಹೇಳಿದ ಹಾಗೇ ಪಾಲಿಸಿದ್ದಳು. ನನಗೂ ಹಾಗೆಯೇ ಕಲಿಸಿದ್ದಳು.

ನನ್ನ ಕೈಯಲ್ಲಿದ್ದ ಹಾಜರಿ ಪುಸ್ತಕ ಹಾಗೇ ಇತ್ತು. ಎದ್ದು ಒಳಗೆ ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವಳು ಬೇಡವೆನ್ನಲಿಲ್ಲ, ನೋವು ಅಷ್ಟಿತ್ತು.

ಡಾಕ್ಟರು ಕೋಣೆಯ ಪರದೆ ಎಳೆದು ಕತ್ತಲು ಮಾಡಿದರು. ಪೆನ್ನಿನಷ್ಟು ಸಣ್ಣ ಟಾರ್ಚು ಹಿಡಿದು, ಅವಳ ಬಲಗಣ್ಣಿಗೆ ಒಂದು ಪಕ್ಕದಿಂದ ಬೆಳಕು ಬಿಟ್ಟರು. ಯಾವ ಕಡೆಯಿಂದ ಬರುತ್ತಿದೆ ಅಮ್ಮ ಎಂದು ಕೇಳಿದರು. ಅವಳು ಸುಮ್ಮನೆ ಕುಳಿತಿದ್ದಳು. ಇನ್ನೊಂದು ಪಕ್ಕಕ್ಕೆ ಹಿಡಿದರು. ಆಮೇಲೆ ನೇರವಾಗಿ, ಬಹಳ ಹತ್ತಿರಕ್ಕೆ. ಅವಳ ಮುಖದ ಮೇಲೆ ಬಿದ್ದ ಆ ಬೆಳಕಿನಲ್ಲಿ ನಾನು ಅವಳ ರೆಪ್ಪೆಯ ಕೂದಲುಗಳನ್ನು ಎಣಿಸಬಹುದಿತ್ತು.

"ಹಚ್ಚಿದ್ದೀರಾ?" ಎಂದು ಕೇಳಿದಳು.

ಪೊರೆ ಅತಿಯಾಗಿ ಬಲಿತು ಕಣ್ಣಿನೊಳಗೆ ಒತ್ತಡ ಏರಿದೆ, ನರ ಹೋಗಿದೆ, ನೋವು ಇಳಿಸುವುದಷ್ಟೇ ಈಗ ಸಾಧ್ಯ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಚಳಿಗಾಲದಲ್ಲೇ ಯಾಕೆ ತರಲಿಲ್ಲ ಎಂದು ಕೇಳಿದರು.

ನಾಲ್ಕು ದಿನ ಇಟ್ಟುಕೊಂಡು ನೋವು ಇಳಿಸಿ ಕಳಿಸಿದರು. ವಾಪಸು ಬರುವಾಗ ಬಸ್ಸು ಅರ್ಧ ಖಾಲಿಯಿತ್ತು. ಯಲಹಂಕ ದಾಟಿದ ಮೇಲೆ ಹೇಳಿಬಿಟ್ಟೆ. ಬಲ್ಬು ಸುಟ್ಟಿರಲಿಲ್ಲ ದೊಡ್ಡಮ್ಮ, ನಾನೇ ತೆಗೆದಿದ್ದೆ, ಮೀಟರ್ ಓಡುತ್ತಿತ್ತು ಎಂದೆ. ನಿನಗೆ ಹೇಳಲಿಲ್ಲ ಎಂದೆ.

ಅವಳು ಮುಂದಿನ ಸೀಟಿನ ಕಂಬಿ ಹಿಡಿದು ಕುಳಿತಿದ್ದಳು. ಬಸ್ಸು ಎರಡು ಕಡೆ ನಿಂತು ಜನ ಹತ್ತಿಸಿಕೊಂಡಿತು.

"ಯಾವತ್ತು ತೆಗ್ದೆ?"

"ಭಾನುವಾರ. ದಸರೆಗೆ ಹತ್ತು ದಿನ ಮುಂಚೆ. ನೀನು ಹಿತ್ತಲಲ್ಲಿದ್ದೆ."

"ಸೋಮವಾರ ಬೆಳಿಗ್ಗೆ ನಂಗೆ ಕಾಣ್ಲಿಲ್ಲ," ಎಂದಳು. ಕಂಬಿಯ ಮೇಲೆ ಕೈ ಬದಲಿಸಿ, "ಹಂಗಾದ್ರೆ ಅವತ್ತು ನನ್ನ ಕಣ್ಣು ಚೆನ್ನಾಗೇ ಇತ್ತು."

ನಾನು ಹೂಂ ಎಂದೆ.

"ತಿಂಗಳಿಗೆ ಎಷ್ಟು ಉಳೀತು?"

ಚುಚ್ಚಿ ಕೇಳಿದ್ದಲ್ಲ. ಅವಳಿಗೆ ಹಾಗೆ ಮಾತಾಡಲು ಬರುತ್ತಿರಲಿಲ್ಲ. ಸೀಮೆಎಣ್ಣೆ ಅಳೆದು ಮನೆ ನಡೆಸಿದವಳು ಕೇಳುವ ಪ್ರಶ್ನೆ ಅದು. ನನಗೆ ಲೆಕ್ಕ ಬಾಯಿಗೇ ಬರುತ್ತಿತ್ತು. ಎರಡು ರೂಪಾಯಿಗೆ ಸ್ವಲ್ಪ ಕಮ್ಮಿ ಎಂದೆ. ಅವಳು ತಲೆಯಾಡಿಸಿದಳು. ದೇವನಹಳ್ಳಿ ಬಂತಾ ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ.

ಸಂಜೆ ಅವಳು ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತಿದ್ದಾಗ ಬೀರುವಿನ ಮೇಲಿಂದ ಬಲ್ಬು ತೆಗೆದೆ. ಕಾಗದ ಬಿಚ್ಚಿ, ಧೂಳು ಒರೆಸಿ, ಸ್ಟೂಲನ್ನು ಅವಳ ಕೋಣೆಗೆ ತಂದು ಹತ್ತಿದೆ. ಸ್ಟೂಲಿನ ಒಂದು ಕಾಲು ಕುಂಟು, ಟಕ್ ಎಂದಿತು.

"ಏನ್ಮಾಡ್ತಿದ್ದೀಯೋ?" ಎಂದಳು.

"ಬಲ್ಬು ಹಾಕ್ತಿದ್ದೀನಿ ದೊಡ್ಡಮ್ಮ."

"ಯಾರಿಗೆ?"

ಕೈ ಹೋಲ್ಡರಿನ ಹತ್ತಿರವೇ ಇತ್ತು. ಪಕ್ಕದ ಮನೆಯ ಮಿಷನ್ನಿನ ಸದ್ದು ಗೋಡೆಯ ಮೂಲಕ ಬರುತ್ತಿತ್ತು. ಅವಳು ಉತ್ತರಕ್ಕಾಗಿ ನನ್ನ ಕಡೆ ಮುಖ ಎತ್ತಿದ್ದಳು, ಆದರೆ ನಾನಿದ್ದ ಕಡೆಗಲ್ಲ, ಒಂದು ಗೇಣು ಪಕ್ಕಕ್ಕೆ. ನಾನು ಬಲ್ಬು ತಿರುಗಿಸಿ ಕೂರಿಸಿದೆ, ಸ್ವಿಚ್ಚು ಹಾಕಿದೆ. ಕೋಣೆ ಕೆಂಪಾಯಿತು. ಉರೀತಾ ಇದೆ ಎಂದು ಹೇಳಿದೆ.

"ಯಾರೂ ನೋಡ್ದೇ ಇರೋ ಕಡೆ ಯಾಕೋ ಉರಿಬೇಕು," ಎಂದಳು ಅವಳು. "ಆರ್ಸಿ ಹೋಗು."

ಒಂದು ಸಲ ಹೇಳಿದಳು. ನಾನು ಆರಿಸಲಿಲ್ಲ. ಅವಳ ಮಾತು ಮೀರಿದ್ದು ಅದೊಂದೇ ಸಲ. ಹೊರಗೆ ಬಂದು ಮೀಟರಿನ ಮುಂದೆ ನಿಂತೆ. ಬಿಲ್ಲೆ ತಿರುಗುತ್ತಿತ್ತು. ಗುರುತು ಮರೆಯಾಗಿ ಮತ್ತೆ ಬರುವವರೆಗೆ ನಿಂತಿದ್ದು, ಆಮೇಲೆ ಕೈಕಾಲು ತೊಳೆಯಲು ಹೋದೆ.